ಎಲೆಯೊಳಗಿನ ಗಡಿಯಾರ

ವಿದ್ಯಾರ್ಥಿಗಳೇ, ಸಂಜೆ ಮನೆಗೆ ಹೋಗುವಾಗ ನಮ್ಮ ಕರುಮತ್ತಂಪಟ್ಟಿಯ ದಾರಿಬದಿಯ ಹುಣಸೆಮರವನ್ನು ನೋಡಿರಿ. ಕತ್ತಲಾಗುವ ಹೊತ್ತಿಗೆ ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಿಚಿಕೊಳ್ಳುತ್ತವೆ, ಬೆಳಿಗ್ಗೆ ಬಿಚ್ಚಿಕೊಳ್ಳುತ್ತವೆ. ಏಕೆಂದು ಕೇಳಿದರೆ, "ಬೆಳಕು ಹೋಯಿತು, ಮರ ಮಲಗಿತು" ಎನ್ನುವಿರಿ. ಕನ್ನಡ ಪಾಠದ ನಡುವೆ ನಾನೂ ಹಲವು ವರ್ಷ ಹಾಗೆಯೇ ಹೇಳಿಕೊಟ್ಟೆ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಇಲ್ಲಿ ಹೇಳಿ ನನ್ನ ತಪ್ಪನ್ನು ತಿದ್ದಿಕೊಳ್ಳುತ್ತೇನೆ.

1729ರಲ್ಲಿ ಫ್ರಾನ್ಸ್ ದೇಶದ ದ ಮೈರಾನ್ ಎಂಬ ವಿದ್ವಾಂಸನು ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟನು. ಬಿಸಿಲು ಸೋಕದಿದ್ದರೂ ಎಲೆಗಳು ಹಗಲಿನಲ್ಲಿ ಬಿಚ್ಚಿ, ರಾತ್ರಿಯಲ್ಲಿ ಮಡಿಚಿಕೊಂಡವು! ಗಿಡದೊಳಗೇ ಹೊತ್ತನ್ನು ಅಳೆಯುವ ವ್ಯವಸ್ಥೆಯೊಂದಿದೆ. ಇದೇ ಜೈವಿಕ ಗಡಿಯಾರ. ಇದು ಸುಮಾರು 24 ಗಂಟೆಗೊಮ್ಮೆ ಸುತ್ತು ಮುಗಿಸುತ್ತದೆ. ಬೆಳಕು ಇದನ್ನು ದಿನದಿನವೂ ಸರಿಹೊಂದಿಸುತ್ತದೆ.

ಈ ಗಡಿಯಾರದ ಭಾಗಗಳೆಂದರೆ ಜೀವಕೋಶದ ಕೇಂದ್ರದಲ್ಲಿರುವ ಕೆಲವು ಜೀನುಗಳು. ಮುಂಜಾನೆ ಚುರುಕಾಗುವ ಜೀನು ಸಂಜೆಯ ಜೀನನ್ನು ತಡೆಯುತ್ತದೆ; ಸಂಜೆಯದು ಮುಂಜಾನೆಯದನ್ನು ತಡೆಯುತ್ತದೆ. ಈ ಸರದಿಯೇ ಗಡಿಯಾರದ ಓಟ.

ಆದರೆ ಬಿಸಿಲನ್ನು ಹಿಡಿದು ಆಹಾರ ತಯಾರಿಸುವುದು ಪತ್ರಹರಿತ್ತಿನ ಕಣ, ಅಂದರೆ ಕ್ಲೋರೋಪ್ಲಾಸ್ಟ್. ಅದಕ್ಕೆ ತನ್ನದೇ ಡಿ.ಎನ್.ಎ. ಉಂಟು. 1986ರಲ್ಲಿ ಜಪಾನಿನ ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡದ ಈ ಡಿ.ಎನ್.ಎ.ಯನ್ನು ಪೂರ್ತಿ ಓದಿದರು. ಅದರಲ್ಲಿರುವ ಜೀನುಗಳು ನೂರಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. ಕಣಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ಆದೇಶದಿಂದಲೇ ತಯಾರಾಗಿ ಬರಬೇಕು. ಸೋಮನೂರಿನ ಕಡೆ ಕೂಲಿಗೆ ನೇಯುವ ಮಗ್ಗದ ಮನೆಗಳನ್ನು ನೀವು ಬಲ್ಲಿರಿ. ಮಗ್ಗ ಮನೆಯದು, ನೂಲು ಕೊಟ್ಟು ಇಂಥದ್ದೇ ಬಟ್ಟೆ ಬೇಕೆನ್ನುವವರು ಬೇರೆ. ಇಲ್ಲಿಯೂ ಹಾಗೆಯೇ.

ಹಾಗಾದರೆ ಹೊತ್ತಿನ ಸುದ್ದಿ ಕಣಕ್ಕೆ ತಲಪುವುದು ಹೇಗೆ? ಇದರ ಒಂದು ದಾರಿ 2013ರಲ್ಲಿ ಪ್ರಕಟವಾಯಿತು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸಿಗ್-5 ಎಂಬ ಪ್ರೋಟೀನು ದೂತನ ಕೆಲಸ ಮಾಡುತ್ತದೆ. ಅದರ ಜೀನು ಇರುವುದು ಕೋಶಕೇಂದ್ರದಲ್ಲಿ. ಗಡಿಯಾರ ಮತ್ತು ಬೆಳಕು ಎರಡೂ ಅದನ್ನು ನಿಯಂತ್ರಿಸುತ್ತವೆ. ತಯಾರಾದ ಸಿಗ್-5 ಕಣದೊಳಕ್ಕೆ ಹೋಗಿ, ಅಲ್ಲಿಯ ಕೆಲವು ಜೀನುಗಳ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುತ್ತದೆ. ಬೆಳಕನ್ನು ಬಳಸುವ ಯಂತ್ರದ ಡಿ-2 ಎಂಬ ಭಾಗದ ಜೀನು ಅವುಗಳಲ್ಲೊಂದು. ಸದಾ ಬೆಳಕಿನಲ್ಲಿಟ್ಟರೂ ಈ ಜೀನಿನ ಕೆಲಸ ದಿನದ ಲಯದಲ್ಲಿ ಏರಿಳಿಯುತ್ತದೆ. ಸಿಗ್-5 ಇಲ್ಲದ ಗಿಡದಲ್ಲಿ ಆ ಲಯ ಕೆಡುತ್ತದೆ.

ಇದರಿಂದ ಗಿಡಕ್ಕೇನು ಲಾಭ? ಸೂರ್ಯ ಹುಟ್ಟಿದ ಮೇಲೆ ಒಲೆ ಹೊಂದಿಸಲು ಹೊರಡುವುದಕ್ಕಿಂತ ಮೊದಲೇ ಸಿದ್ಧವಾಗಿರುವುದು ಮೇಲಲ್ಲವೇ? ಒಳಗಿನ ಗಡಿಯಾರವೂ ಹೊರಗಿನ ಹಗಲಿರುಳೂ ಹೊಂದಿಕೊಂಡಿದ್ದ ಗಿಡಗಳಲ್ಲಿ ಪತ್ರಹರಿತ್ತು ಹೆಚ್ಚಾಗಿತ್ತು, ಬೆಳವಣಿಗೆಯೂ ಚೆನ್ನಾಗಿತ್ತು ಎಂದು 2005ರ ಪ್ರಯೋಗವೊಂದು ತೋರಿಸಿತು.

ಈಗ ನಿಮ್ಮ ಕೆಲಸ. ಕುಂಡದಲ್ಲಿ ಒಂದು ಹುಣಸೆ ಸಸಿ ಬೆಳೆಸಿ, ಎರಡು ದಿನ ಕತ್ತಲಕೋಣೆಯಲ್ಲಿಡಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಂದ ಬೆಳಕಿನಲ್ಲಿ ಒಂದು ಕ್ಷಣ ನೋಡಿ ಬರೆದಿಡಿರಿ. ಪುಸ್ತಕ ಹೇಳಿದ್ದನ್ನಾಗಲಿ, ನಿಮ್ಮ ಮೇಷ್ಟ್ರು ಹೇಳಿದ್ದನ್ನಾಗಲಿ ಬರೆಯಬೇಡಿರಿ. ಎಲೆ ತೋರಿಸಿದ್ದನ್ನು ಬರೆಯಿರಿ.