ಪಿ.ಎಲ್.ಸಿ. ಪೆಟ್ಟಿಗೆ: ಅದರ ಪಾಲನೆ ಮತ್ತು ದೋಷ ಹುಡುಕುವ ಕ್ರಮ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಬಾಲಾನಗರ, ಜೀಡಿಮೆಟ್ಲ, ಪಟಾನ್‌ಚೆರುಗಳ ಕಾರ್ಖಾನೆಗಳಲ್ಲಿ ದುಡಿಯುವವರು ಹಲವರಿದ್ದಾರೆ. ಕೀಲಿ ಹಾಕಿದ ಪ್ಯಾನಲಿನೊಳಗೆ ಇರುವುದೇನೆಂದು ಕೆಲವರು ಕೇಳಿದ್ದರಿಂದ ಈ ಪಾಠ. ನಾವು ಇಂಜಿನಿಯರರಲ್ಲ, ಗಿರಣಿಯ ಗುಮಾಸ್ತರು. ಯಂತ್ರ ನಿಂತ ವೇಳೆಯ ರಿಜಿಸ್ಟರು ಬರೆಯುತ್ತ, ಫಿಟ್ಟರುಗಳ ಪಕ್ಕದಲ್ಲಿ ನಿಂತು ಕಲಿತಷ್ಟನ್ನೇ ಹೇಳುತ್ತೇವೆ.

ಹಿಂದೆ ಯಂತ್ರಗಳ ಹತೋಟಿಗೆ ಗೋಡೆ ತುಂಬ ರಿಲೇಗಳಿರುತ್ತಿದ್ದವು. ಕೆಲಸದ ಕ್ರಮ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ಇದಕ್ಕೆ ಪರಿಹಾರ ಬೇಕೆಂದಿತು. ಡಿಕ್ ಮಾರ್ಲಿಯವರೂ ಅವರ ಸಂಗಡಿಗರೂ ರಚಿಸಿದ ಮೋಡಿಕಾನ್ 084 ಮರುವರ್ಷವೇ ಹೊರಬಂದಿತು. ಅದೇ ಪಿ.ಎಲ್.ಸಿ.ಗಳ ಹಿರಿಯಣ್ಣ.

ಈ ಪೆಟ್ಟಿಗೆ ಮಾಡುವುದು ಮೂರೇ ಕೆಲಸ. ಸ್ವಿಚ್ಚು, ಸೆನ್ಸರುಗಳಿಂದ ಬಂದ ಸೂಚನೆಗಳನ್ನು ಓದುತ್ತದೆ. ಬರೆದಿಟ್ಟ ಕ್ರಮದೊಡನೆ ತಾಳೆ ನೋಡುತ್ತದೆ. ಮೋಟಾರು, ವಾಲ್ವುಗಳಿಗೆ ಅಪ್ಪಣೆ ಕೊಡುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ಸುತ್ತು. ಇಷ್ಟು ತಿಳಿದರೆ ದೋಷ ಹುಡುಕುವುದು ಅರ್ಧ ತಿಳಿದಂತೆಯೇ. ಯಂತ್ರ ನಿಂತೊಡನೆ ಕೈ ಹಾಕದೆ ಮೊದಲು ದೀಪಗಳನ್ನು ನೋಡತಕ್ಕದ್ದು. ಲಿಮಿಟ್ ಸ್ವಿಚ್ ಒತ್ತಿಕೊಂಡಿದ್ದೂ ಅದರ ಇನ್‌ಪುಟ್ ದೀಪ ಉರಿಯದಿದ್ದರೆ ದೋಷವು ಸ್ವಿಚ್ಚಿನಲ್ಲೋ, ತಂತಿಯಲ್ಲೋ, 24 ವೋಲ್ಟಿನ ಸರಬರಾಜಿನಲ್ಲೋ ಇರುವುದೇ ಹೆಚ್ಚು. ಔಟ್‌ಪುಟ್ ದೀಪ ಉರಿದೂ ಮೋಟಾರು ತಿರುಗದಿದ್ದರೆ ಫ್ಯೂಸು, ರಿಲೇ, ಕಾಂಟ್ಯಾಕ್ಟರುಗಳನ್ನು ನೋಡಬೇಕು. ಇನ್‌ಪುಟ್‌ಗಳೆಲ್ಲ ಸರಿಯಾಗಿದ್ದು ಔಟ್‌ಪುಟ್ ಮಾತ್ರ ಬಾರದಿದ್ದರೆ, ಬಾಗಿಲು ತೆರೆದಿರುವುದು, ಓವರ್‌ಲೋಡ್ ಬಿದ್ದಿರುವುದು ಮುಂತಾದ ಯಾವುದೋ ಷರತ್ತು ಪೂರೈಸಿಲ್ಲವೆಂದು ತಿಳಿಯಬಹುದು. ಪೆಟ್ಟಿಗೆಯೇ ಕೆಡುವುದು ಅಪರೂಪ. ಆದರೂ ಎಲ್ಲರೂ ಮೊದಲು ಬೈಯುವುದು ಅದನ್ನೇ!

ಅದನ್ನು ಬಿಟ್ಟರೆ, ಆಳನ್ನು. ಒಂದು ಮೇ ತಿಂಗಳಲ್ಲಿ ನಾವಿದ್ದ ಗಿರಣಿಯ ಒಂದು ಯಂತ್ರ ಪದೇ ಪದೇ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತಿತ್ತು. ಹೆಲ್ಪರನು ಬಟನ್ನುಗಳನ್ನು ಹೇಗೆಂದರೆ ಹಾಗೆ ಒತ್ತುತ್ತಾನೆಂದು ಮೇಲಿನವರು ಹೇಳಿದರು. ರಿಜಿಸ್ಟರಿನಲ್ಲಿ ‘ಆಳಿನ ಅಜಾಗ್ರತೆ’ ಎಂದು ಬರೆದ ಕೈ ನಮ್ಮದೇ. ಅವನ ಎರಡು ದಿನದ ಕೂಲಿ ಹಿಡಿದರು. ತಿಂಗಳ ಕೊನೆಗೆ ಲೆಕ್ಕ ಕೂಡಿಸುವಾಗ ಕಂಡಿತು: ನಿಂತದ್ದೆಲ್ಲ ಮಧ್ಯಾಹ್ನ ಎರಡರಿಂದ ಐದರೊಳಗೆ, ಅದರಲ್ಲಿ ಮೂರು ಸಲ ಅವನು ರಜೆಯಲ್ಲಿದ್ದ. ಫಿಟ್ಟರು ಪ್ಯಾನಲ್ ತೆರೆದು ನೋಡಿದರೆ ಫ್ಯಾನಿನ ಜಾಲರಿಗೆ ಹತ್ತಿಯ ಧೂಳು ಕಂಬಳಿಯಂತೆ ಮೆತ್ತಿತ್ತು. ಇಂಥ ಸಲಕರಣೆಗಳು ಸಾಮಾನ್ಯವಾಗಿ 55ರಿಂದ 60 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತವೆ. ಹೈದರಾಬಾದಿನ ಬೇಸಗೆಯಲ್ಲಿ ಗಾಳಿಯಾಡದ ಪ್ಯಾನಲ್ ಅದನ್ನು ಮೀರಲು ಹೊತ್ತು ಬೇಕಿಲ್ಲ. ಜಾಲರಿ ಶುಚಿ ಮಾಡಿದ ಮೇಲೆ ಯಂತ್ರ ನಿಲ್ಲಲಿಲ್ಲ. ಹಿಡಿದ ಕೂಲಿ ಮಾತ್ರ ಹಿಂತಿರುಗಲಿಲ್ಲ.

ಇನ್ನು ಪಾಲನೆ. ಜಾಲರಿಯನ್ನು ಆಗಾಗ ತೊಳೆಯಬೇಕು. ಟರ್ಮಿನಲ್ಲಿನ ಸ್ಕ್ರೂಗಳು ಅದುರಿ ಸಡಿಲವಾಗುವುದರಿಂದ ವಿದ್ಯುತ್ ಕಡಿದು ಬಿಗಿಮಾಡಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಬರೆದಿಟ್ಟ ಕ್ರಮವನ್ನು ಉಳಿಸುವುದು ಒಂದು ಸಣ್ಣ ಬ್ಯಾಟರಿ. ವಿದ್ಯುತ್ತಿಲ್ಲದಾಗ ಅದನ್ನು ತೆಗೆದರೆ ಕ್ರಮವೆಲ್ಲ ಅಳಿಸಿಹೋಗಬಹುದು. ಆದಕಾರಣ ಪ್ರತಿಯೊಂದನ್ನು ಬೇರೆಡೆ ಇಟ್ಟು, ಆ ಮಾದರಿಯ ಕೈಪಿಡಿಯಂತೆ ಬಲ್ಲ ಎಲೆಕ್ಟ್ರಿಶಿಯನ್ನರೇ ಬದಲಿಸತಕ್ಕದ್ದು. ಬಾಗಿಲ ಸ್ವಿಚ್ಚಿಗೆ ತಂತಿ ಸುತ್ತಿ ಯಂತ್ರ ನಡೆಸಿರೆಂದು ಯಾರೇ ಹೇಳಿದರೂ ಒಪ್ಪಬೇಡಿ. ಒಳಗೆ ಹೋಗುವುದು ನಿಮ್ಮ ಕೈ.

ರಿಜಿಸ್ಟರಿನ ಮಾದರಿ ಹಾಳೆಯನ್ನು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇವೆ. ನಿಂತ ವೇಳೆ, ಉರಿಯುತ್ತಿದ್ದ ದೀಪಗಳು, ಪ್ಯಾನಲಿನ ಸೆಕೆ, ಕಂಡುಬಂದ ದೋಷ, ಹೀಗೆ ನಾಲ್ಕು ಕಾಲಂ. ‘ಯಾರ ತಪ್ಪು’ ಎಂಬ ಕಾಲಂ ಇಟ್ಟಿಲ್ಲ.