ಗಾಲ್ಫ್ ಮೈದಾನದ ವಸಂತ, ನಮ್ಮೂರ ಮೈದಾನದ ಹದ

ಗೆಳೆಯರೇ, ಮೊದಲೇ ಹೇಳಿಬಿಡ್ತೀವಿ, ನಮ್ಮಲ್ಲಿ ಯಾರೂ ಗಾಲ್ಫ್ ಆಡಿಲ್ಲ. ನಾವು ಹುಲಸೂರ ಕಡೆಯ ಮೂರು ಜನ, ಸಿವಿಲ್ ಎರಡನೇ ವರ್ಷ. ಗಾಲ್ಫ್ ಮೈದಾನದ ಬಗ್ಗೆ ಓದೋಕೆ ಕೂತಿದ್ದು ನಾವೇ ಮಾಡಿದ ಒಂದು ತಪ್ಪಿನಿಂದ.

ನಮ್ಮೂರಲ್ಲಿ ಹುಡುಗರು ಕ್ರಿಕೆಟ್ ಆಡೋ ಒಂದು ಬಯಲಿದೆ. ಎರೆ ಮಣ್ಣು. ಏಪ್ರಿಲ್‌ನಲ್ಲಿ ಕೈಬೆರಳು ಹೋಗುವಷ್ಟು ಬಿರುಕು, ಜುಲೈನಲ್ಲಿ ಕಾಲು ಹೂತುಹೋಗುವ ರಾಡಿ. ಕಳೆದ ಬೇಸಿಗೆ ರಜೆಯಲ್ಲಿ ‘ನಾವು ಇಂಜಿನಿಯರ್‌ಗಳಲ್ವಾ’ ಅಂದುಕೊಂಡು ದುಡ್ಡು ಕೂಡಿಸಿ ಒಂದು ಟ್ರ್ಯಾಕ್ಟರ್ ಮರಳು ತರಿಸಿದೆವು. ಬೌಲರ್ ಓಡುವ ಜಾಗದಲ್ಲಿ ಎರಡು ಇಂಚು ದಪ್ಪ ಹರವಿದೆವು. ಮಳೆ ಬಂತು. ನೀರು ಮರಳನ್ನು ದಾಟಿ ಕೆಳಗಿನ ಎರೆಯ ಮೇಲೆ ನಿಂತಿತು. ಮೇಲೆ ನೋಡಿದರೆ ಒಣಗಿದಂಗೆ, ಕೆಳಗೆ ಸಾಬೂನು. ಒಬ್ಬ ಚಿಕ್ಕ ಹುಡುಗ ಓಡಿಬಂದು ಜಾರಿ ಪಾದ ಹೊರಳಿಸಿಕೊಂಡ. ಅವನು ಒಂದು ತಿಂಗಳು ಕಟ್ಟೆ ಮೇಲೆ ಕೂತು ಸ್ಕೋರ್ ಬರೆದ. ನಮಗೆ ಅವನ ಮುಖ ನೋಡೋಕೆ ಆಗುತ್ತಿರಲಿಲ್ಲ.

ಹಾಗಾದರೆ ಮೈದಾನವನ್ನು ಚೆನ್ನಾಗಿ ಇಡುವವರು ಏನು ಮಾಡುತ್ತಾರೆ? ಹುಡುಕಿದರೆ ಸಿಕ್ಕಿದ್ದು ಗಾಲ್ಫ್. ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾಗಿದ್ದೇ 1876ರಲ್ಲಿ. ಅಂದರೆ ಹುಲ್ಲು ಸಾಕುವ ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ.

ಹುಲ್ಲು ಯಾವುದು?

ಇಲ್ಲಿ ನಮಗೆ ಮೊದಲ ಆಶ್ಚರ್ಯ. ಬಿಸಿ ನಾಡಿನ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ‘ಬರ್ಮುಡಾ ಗ್ರಾಸ್’ ಬೇರೇನಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ. ಸಸ್ಯಶಾಸ್ತ್ರದ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಚೆಂಡು ಗುಂಡಿಗೆ ಉರುಳುವ ‘ಗ್ರೀನ್’ ಎಂಬ ನುಣುಪಾದ ಜಾಗಕ್ಕೆ ಇದರ ಮಿಶ್ರತಳಿಗಳನ್ನು ಹಾಕಿ, 3-4 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಹೊಲದಲ್ಲಿ ನಾವು ಕಿತ್ತು ಬಿಸಾಕುವ ಕಳೆ ಅಲ್ಲಿ ಮಹಾರಾಣಿ!

ವಸಂತದಲ್ಲಿ ಏನು ಕೆಲಸ?

ವರ್ಷವಿಡೀ ಜನ ನಡೆದು, ಯಂತ್ರ ಓಡಿ ಮಣ್ಣು ಗಟ್ಟಿಯಾಗುತ್ತದೆ. ಕಣಗಳ ನಡುವಿನ ಗಾಳಿ ಜಾಗ ಮುಚ್ಚುತ್ತದೆ. ನೀರು ಇಳಿಯಲ್ಲ, ಬೇರು ಇಳಿಯಲ್ಲ. ಅದಕ್ಕೆ ಚಳಿ ಮುಗಿದು ಹುಲ್ಲು ಮತ್ತೆ ಚಿಗುರುವಾಗ ಮುಖ್ಯವಾಗಿ ಮೂರು ಕೆಲಸ ಮಾಡುತ್ತಾರೆ.

ಒಂದು, ತೂತು ಹೊಡೆಯುವುದು. ಟೊಳ್ಳು ಕೊಳವೆಗಳಿರುವ ಯಂತ್ರ ನೆಲದಿಂದ ಪೆನ್ಸಿಲ್‌ನಂಥ ಮಣ್ಣಿನ ತುಂಡುಗಳನ್ನು ಕಿತ್ತು ಹೊರಗೆ ಹಾಕುತ್ತದೆ.

ಎರಡು, ಹಳೆಯ ಒಣ ಕಾಂಡ, ಬೇರು ಸೇರಿ ಆದ ಹಾಸನ್ನು ಲಂಬವಾದ ಬ್ಲೇಡಿನಿಂದ ಸೀಳಿ ತೆಗೆಯುವುದು.

ಮೂರು, ಮರಳು ಕೊಡುವುದು. ಆ ತೂತುಗಳನ್ನು ಮರಳಿನಿಂದ ತುಂಬಿ, ಮೇಲೆ ಒಂದೆರಡು ಮಿ.ಮೀ. ಮಾತ್ರ ಸಿಂಪಡಿಸಿ ಬ್ರಷ್ ಎಳೆಯುತ್ತಾರೆ.

ನಮ್ಮ ತಪ್ಪು ಮೂರನೆಯದರಲ್ಲೇ ಇತ್ತು. ಸ್ವಲ್ಪ ಲೆಕ್ಕ ಹಾಕೋಣ. ತೂತಿನ ವ್ಯಾಸ 12 ಮಿ.ಮೀ., ಆಳ 75 ಮಿ.ಮೀ., ಎರಡು ತೂತಿನ ನಡುವೆ 50 ಮಿ.ಮೀ. ಅಂದುಕೊಳ್ಳಿ. ಒಂದು ಚದರ ಮೀಟರ್‌ಗೆ 400 ತೂತು. ಒಂದೊಂದರ ಅಡ್ಡಕೊಯ್ತ ಸುಮಾರು 113 ಚದರ ಮಿ.ಮೀ., ಒಟ್ಟು ಸೇರಿ ನೆಲದ ಶೇ. 4.5 ಭಾಗ. ತುಂಬಲು ಬೇಕಾದ ಮರಳು ಸುಮಾರು 3.4 ಲೀಟರ್. ನಾವು ಎರಡು ಇಂಚು ಹರವಿದ್ದು ಚದರ ಮೀಟರ್‌ಗೆ 50 ಲೀಟರ್! ಸುಮಾರು 15 ಪಟ್ಟು. ಅವರು ಸ್ವಲ್ಪ ಮರಳನ್ನು ನೆಲದ ಒಳಗೆ ಕಳಿಸುತ್ತಾರೆ, ವರ್ಷ ವರ್ಷ. ನಾವು ಒಂದೇ ದಿನ ಚಾಪೆ ಹಾಸಿದೆವು.

‘ಹಾಗಾದರೆ ಗ್ರೀನ್ ಕೆಳಗೆ ದಪ್ಪ ಮರಳಿನ ಪದರವೇ ಇರುತ್ತಲ್ಲ’ ಎಂದು ಯಾರಾದರೂ ಕೇಳಬಹುದು. ನಿಜ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸುಮಾರು 30 ಸೆಂ.ಮೀ. ಮರಳು ಮಿಶ್ರಣ, ಅದರ ಕೆಳಗೆ 10 ಸೆಂ.ಮೀ. ಜಲ್ಲಿ, ಅದರ ಕೆಳಗೆ ನೀರು ಹೊರಗೆ ಹೋಗುವ ಪೈಪು. ಪೈಪು ಇರುವುದರಿಂದ ಅದು ಮೈದಾನ. ಪೈಪಿಲ್ಲದ ನಮ್ಮದು ಬರೀ ಬಾನಿ.

ಅವರ ವಸಂತ, ನಮ್ಮ ಚೈತ್ರ

ಇಷ್ಟು ಓದಿದ ಮೇಲೆ ನಾವು ಮತ್ತೊಂದು ತಪ್ಪು ಮಾಡುವುದರಲ್ಲಿದ್ದೆವು. ಪುಸ್ತಕದಲ್ಲಿ ‘ವಸಂತ’ ಅಂತ ಇದೆ, ಹಾಗಾಗಿ ಯುಗಾದಿಗೆ ಶುರು ಮಾಡೋಣ ಅಂತ ಪ್ಲಾನ್. ಊರಿಗೆ ಫೋನ್ ಮಾಡಿದಾಗ ನಮ್ಮಲ್ಲೊಬ್ಬನ ಅಜ್ಜ ನಕ್ಕುಬಿಟ್ಟರು. “ಹೊಲದಾಗ ಹದ ನೋಡದೇ ಯಾರರ ಕುಂಟಿ ಹೊಡಿತಾರೇನೋ?”

ಆ ಒಂದು ಮಾತಿಗೆ ನಮ್ಮ ಪ್ಲಾನ್ ಮುಗೀತು. ಚಳಿ ದೇಶಗಳಲ್ಲಿ ಹುಲ್ಲನ್ನು ಎಬ್ಬಿಸುವುದು ಬಿಸಿಲು. ಅಲ್ಲಿ ವಸಂತಕ್ಕೆ ಮಣ್ಣು ಬೆಚ್ಚಗಾಗುತ್ತದೆ, ಹುಲ್ಲು ಬೆಳೆಯುತ್ತದೆ, ತೂತಿನ ಗಾಯ ಬೇಗ ಮಾಯುತ್ತದೆ. ನಮ್ಮ ಬೀದರ್ ಜಿಲ್ಲೆಯಲ್ಲಿ ಬಿಸಿಲಿಗೆ ಏನು ಬರ? ಇಲ್ಲಿ ಗರಿಕೆಯನ್ನು ಎಬ್ಬಿಸುವುದು ನೀರು. ಪೈಪು, ಸ್ಪ್ರಿಂಕ್ಲರ್ ಇಲ್ಲದ ಬಯಲಲ್ಲಿ ಚೈತ್ರದಲ್ಲಿ ತೂತು ಹೊಡೆದರೆ ಇರುವ ತೇವವೂ ಆರಿಹೋಗುತ್ತದೆ. ಕಲ್ಲಿನಂಥ ಎರೆಗೆ ಕೊಳವೆ ಇಳಿಯುವುದೂ ಇಲ್ಲ. ನಮ್ಮ ಮೈದಾನದ ವಸಂತ ಬರುವುದು ರೋಹಿಣಿ, ಮೃಗಶಿರ ಮಳೆಗೆ.

ಆದರೆ ಮಳೆ ಬಂದ ಕೂಡಲೇ ಇಳಿಯಬಾರದು. ಹಸಿ ಎರೆಯಲ್ಲಿ ತೂತು ಹೊಡೆದರೆ ಅದರ ಗೋಡೆಗಳು ಮೆತ್ತಿ ಮುಚ್ಚಿಕೊಳ್ಳುತ್ತವೆ. ಹಾಗಾದರೆ ಹದ ಯಾವಾಗ? ನಮ್ಮ ಸಾಯಿಲ್ ಲ್ಯಾಬ್‌ನ ಪ್ಲಾಸ್ಟಿಕ್ ಲಿಮಿಟ್ ಪ್ರಯೋಗ ನೆನಪಿದೆಯಾ? ಮಣ್ಣನ್ನು ಅಂಗೈಯಲ್ಲಿ ಹೊಸೆದು 3 ಮಿ.ಮೀ. ದಪ್ಪದ ದಾರ ಮಾಡ್ತೀವಲ್ಲ, ಅದೇ. ದಾರ ಮುರಿಯದೆ ಇನ್ನೂ ಸಣ್ಣದಾದರೆ ಮಣ್ಣು ತೀರಾ ಹಸಿ, ಕಾಯಿರಿ. 3 ಮಿ.ಮೀ. ಹತ್ತಿರ ಬರುವಾಗ ಪುಡಿಯಾದರೆ ಹದ ಬಂತು. ಮುದ್ದೆಯೇ ಆಗದಿದ್ದರೆ ತೀರಾ ಒಣ. ಲ್ಯಾಬಲ್ಲಿ ವೈವಾಗೆ ಉರು ಹೊಡೆದಿದ್ದನ್ನೇ ಅಜ್ಜ ಎರಡಕ್ಷರದಲ್ಲಿ ಹೇಳಿದ್ದರು.

ನಾವು ಈ ಸಲ ಮಾಡಬೇಕೆಂದಿರುವುದು

1. ಪರೀಕ್ಷೆ: ಎರಡೂ ಕಡೆ ತೆರೆದ ಡಬ್ಬಿಯನ್ನು ನೆಲಕ್ಕೆ 5 ಸೆಂ.ಮೀ. ಇಳಿಸಿ ನೀರು ಹಾಕಿ, ಸ್ಕೇಲ್ ಇಟ್ಟು ಅಳೆಯುವುದು. ಒಣ ಎರೆಯಲ್ಲಿ ಬಿರುಕಿನೊಳಗೆ ನೀರು ಸರ್ರನೆ ಹೋಗಿ ಮೋಸ ಮಾಡುತ್ತದೆ, ಆದ್ದರಿಂದ ನೆಲ ನೆನೆದ ಮೇಲೆ ಅಳೆಯಬೇಕು. ಹೋದ ಸಲ ಹೀಗೆ ಮಾಡಿದಾಗ ಬಸ್ಸಿನ ಟೈಮ್ ಆಗುವವರೆಗೂ ನೀರು ಅರ್ಧ ಬೆರಳು ಇಳಿದಿರಲಿಲ್ಲ.

2. ಇಳಿಜಾರು: ಮಧ್ಯದಿಂದ ಅಂಚಿಗೆ ಶೇ. 1, ಅಂದರೆ 30 ಮೀಟರ್‌ಗೆ 30 ಸೆಂ.ಮೀ. ಅಂಚಿನಲ್ಲಿ ಸಣ್ಣ ಚರಂಡಿ. ಎರೆಯೊಳಗೆ ನೀರು ಇಳಿಯುವುದು ನಿಧಾನ, ಹಾಗಾಗಿ ಬಹುಪಾಲು ನೀರನ್ನು ಮೇಲಿಂದಲೇ ಕಳಿಸಬೇಕು.

3. ತೂತು: ಅರ್ಧ ಇಂಚಿನ ಕಬ್ಬಿಣದ ಪೈಪಿನ ತುದಿ ಚೂಪು ಮಾಡಿಸಿ ಕೈಯಿಂದಲೇ. ಜನ ಹೆಚ್ಚು ತುಳಿಯುವ ಜಾಗಕ್ಕೆ ಮಾತ್ರ. ಎರೆ ಉಬ್ಬಿ ತೂತು ಮುಚ್ಚುವ ಮೊದಲು, ಅದೇ ದಿನ ಮರಳು, ಗೊಬ್ಬರ ತುಂಬುವುದು.

4. ಗರಿಕೆ: ಬದುವಿನಿಂದ ಬೇರುಸಹಿತ ತಂದು 15-20 ಸೆಂ.ಮೀ. ಅಂತರದಲ್ಲಿ ನೆಡುವುದು. ಇದಕ್ಕೆ ಖರ್ಚಿಲ್ಲ.

5. ಪಿಚ್ ಮುಟ್ಟುವಂತಿಲ್ಲ. ಆ 22 ಗಜಕ್ಕೆ ಗಟ್ಟಿ ಎರೆಯೇ ಒಳ್ಳೆಯದು.

ಇನ್ನೊಂದು, ಇದು ಕಷ್ಟದ್ದು. ಗರಿಕೆ ಬೇರು ಹಿಡಿಯುವವರೆಗೆ ಅಲ್ಲಿ ಆಟ ಬಂದ್. ಗಾಲ್ಫ್ ಕ್ಲಬ್‌ನಲ್ಲಾದರೆ ಬೋರ್ಡ್ ಹಾಕಿದರೆ ಸಾಕು. ನಮ್ಮೂರಲ್ಲಿ ಹುಡುಗರನ್ನು ಒಪ್ಪಿಸಬೇಕು. ಪಾದ ಹೊರಳಿಸಿಕೊಂಡ ಆ ಹುಡುಗನಿಗೇ ಮೊದಲು ಹೇಳಿದೆವು. ಅವನು ಎಲ್ಲಾ ಕೇಳಿ, “ಈ ಸಲ ಅಜ್ಜಗ ಕೇಳೀರಿಲ್ರಿ?” ಅಂದ.

ಕೇಳಿದ್ದೀವಪ್ಪ. ನಿಮ್ಮೂರ ಮೈದಾನಕ್ಕೂ ಕೆಲಸ ಮಾಡುವ ಆಸೆ ಇದ್ದರೆ, ಮರಳು ತರಿಸುವ ಮೊದಲು ಒಂದು ಹಿಡಿ ಮಣ್ಣು ಹೊಸೆದು ನೋಡಿ.