ಮಾತು ಕೊನೆಗೆ ಬರಲಿ

ಸಿನಿಮಾಕ್ಕೆ ಬರೆಯಬೇಕೆಂದು ಹೊರಟವರು ಮೊದಲು ಬರೆಯುವುದೇ ಡೈಲಾಗು, ಅದೂ ಶಿಳ್ಳೆ ಬೀಳುವಂಥದ್ದು. ನೀನು ತಂದಿರುವ ಹಾಳೆಗಳಲ್ಲೂ ಅದೇ ತುಂಬಿದೆ. ಬೇಜಾರು ಮಾಡಿಕೊಳ್ಳಬೇಡ ಮಗು, ಸದ್ಯಕ್ಕೆ ಅವನ್ನು ಎತ್ತಿಡು. ಪಾತ್ರ ಏನು ಮಾಡುತ್ತದೆ ಎಂಬುದು ಗೊತ್ತಾದ ಮೇಲೆ ಏನು ಆಡುತ್ತದೆ ಎಂಬುದನ್ನು ಬರೆದರಾಯಿತು.

‘ತಬರನ ಕಥೆ’ ನೋಡು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ತೆರೆಗೆ ತಂದರು. 1986ರ ಸಾಲಿನ ಸ್ವರ್ಣಕಮಲ ಅದಕ್ಕೆ ಬಂತು. ಪಿಂಚಣಿಗಾಗಿ ಕಚೇರಿ ಅಲೆಯುವ ಸಣ್ಣ ನೌಕರ ತಬರ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ, ಕೈಯಲ್ಲಿ ಕಾಸಿಲ್ಲ. ಕೊನೆಗೆ ಅವನು ಕಟುಕನ ಬಳಿ ಹೋಗಿ ಅವಳ ಕಾಲು ಕತ್ತರಿಸಿಕೊಡೆಂದು ಬೇಡುತ್ತಾನೆ. ಎರಡು ಪುಟ ಗೋಳಾಡಿಸಿದ್ದರೂ ಆ ದಿಕ್ಕೆಟ್ಟ ಸ್ಥಿತಿ ಇಷ್ಟು ನಾಟುತ್ತಿರಲಿಲ್ಲ.

ಕಥೆಯನ್ನು ಚಿತ್ರಕಥೆ ಮಾಡುವಾಗ ಮೂಲಕ್ಕೆ ಹೆದರಬೇಡ. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯ ನಾಯಕಿ ಟಾಕೀಸಿನಲ್ಲಿ ಹೆಂಗಸರ ಕಡೆಯ ಗೇಟು ಕಾಯುತ್ತಾಳೆ. ಅದನ್ನಾಧರಿಸಿದ 2008ರ ಸಿನಿಮಾದಲ್ಲಿ ನಾಯಕಿ ಗುಲಾಬಿ ಮೀನುಗಾರರ ಊರಿನ ಸೂಲಗಿತ್ತಿ, ಮನೆಗೆ ಟೀವಿ ಬಂದಿದೆ. ಊರು, ಕಾಲ ಬದಲಾದರೂ ಹೆಂಗಸರಿಗೆ ಪರದೆಯ ಮೇಲಿರುವ ಆಸೆ ಹಾಗೇ ಉಳಿದಿದೆ. ಕಥೆಯ ಜೀವ ಎಲ್ಲಿದೆ ಎಂದು ಹುಡುಕಿಕೊಂಡವರಿಗೆ ಮಾತ್ರ ಇಂಥ ಧೈರ್ಯ ಬರುತ್ತದೆ.

ಇನ್ನು ಕೆಲಸದ ಕ್ರಮ. ಯಾರಿಗೆ ಏನು ಬೇಕು, ಅಡ್ಡ ಬರುವುದೇನು ಎಂದು ಎಳೆಯನ್ನು ಒಂದೇ ವಾಕ್ಯದಲ್ಲಿ ಬರೆ. ಬರೆಯಲಾಗದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ ಎಂದರ್ಥ. ಆಮೇಲೆ ಸೀನ್ ಆರ್ಡರ್: ಒಂದೊಂದು ಸೀನಿಗೆ ಎರಡೇ ಸಾಲು. ಸೀನು ಮುಗಿದಾಗ ಪಾತ್ರದ ಪರಿಸ್ಥಿತಿಯಾಗಲಿ, ನೋಡುವವರ ತಿಳಿವಳಿಕೆಯಾಗಲಿ ಇದ್ದಲ್ಲೇ ಇದ್ದರೆ ಮುಲಾಜಿಲ್ಲದೆ ತೆಗೆದುಹಾಕು. ಈ ಪಟ್ಟಿ ಗಟ್ಟಿಯಾದ ಮೇಲೆ ಮಾತು ಬರೆಯಲು ಕೂರು. ಬರೆದದ್ದನ್ನು ಜೋರಾಗಿ ಓದು; ಮಂಡ್ಯದವಳೂ ಹುಬ್ಬಳ್ಳಿಯವನೂ ಒಂದೇ ಥರ ಮಾತಾಡಿದರೆ ಕಿವಿಗೇ ಗೊತ್ತಾಗುತ್ತದೆ.

ಧಾರಾವಾಹಿಯ ಲೆಕ್ಕ ಬೇರೆ. ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುವವರಿಗೂ ಕಥೆ ತಿಳಿಯಬೇಕು, ಹಾಗಾಗಿ ಅಲ್ಲಿ ಮಾತು ಜಾಸ್ತಿ. ಚಿತ್ರಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು ಆಗಿರುವುದೂ ಉಂಟು. ಕೀಳೆಂದು ಮೂಗು ಮುರಿಯಬೇಡ. ಸ್ಫೂರ್ತಿಗೆ ಕಾಯದೆ ದಿನಾ ಬರೆಯುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ದುಡ್ಡಿನ ವಿಷಯಕ್ಕೂ ನಾಚಿಕೊಳ್ಳಬೇಡ. ಕಾಪಿರೈಟ್ ಸಿಗುವುದು ಬರೆದ ರೂಪಕ್ಕೆ, ಬರೀ ಐಡಿಯಾಕ್ಕಲ್ಲ. ಆದ್ದರಿಂದ ಕಂಡಕಂಡವರಿಗೆ ಬಾಯಲ್ಲಿ ಕಥೆ ಹೇಳುವ ಮೊದಲು ಕಾಗದಕ್ಕಿಳಿಸಿ ನೋಂದಾಯಿಸು. ಸಂಭಾವನೆ ಎಷ್ಟು, ಟೈಟಲ್ ಕಾರ್ಡಿನಲ್ಲಿ ಹೆಸರು ಹೇಗೆ ಬರುತ್ತದೆ ಎಂಬುದು ಕರಾರಿನಲ್ಲೇ ಇರಲಿ.

ಈ ವಾರ ನಿನಗಿಷ್ಟವಾದ ಒಂದು ಸಿನಿಮಾವನ್ನು ಸೌಂಡ್ ತೆಗೆದು ನೋಡಿ, ಅದರ ಸೀನ್ ಆರ್ಡರ್ ಬರೆ. ಮುಂದಿನ ಸಲ ಬರುವಾಗ ಒಂದೂ ಮಾತಿಲ್ಲದ ಮೂರು ಸೀನು ತಾ. ಅವು ನನಗೆ ಅರ್ಥವಾದರೆ ನಿನ್ನ ಡೈಲಾಗು ಕೇಳುತ್ತೇನೆ.